ಆಮಿನಾಬಿ ತುಂಬಿಸಿಕೊಟ್ಟ ಬಾಟಲಿ

ಹುಣಸೂರಿನ ಆಮಿನಾಬಿಯ ಕೈರುಚಿಗೆ ಯಾರೂ ಸರ್ಟಿಫಿಕೇಟು ಕೊಡಬೇಕಾಗಿರಲಿಲ್ಲ. ಬೀದಿಯಲ್ಲಿ ಮದುವೆಯಿರಲಿ, ಗೃಹಪ್ರವೇಶವಿರಲಿ, ಪಲಾವಿಗೆ ಜನ ತಟ್ಟುತ್ತಿದ್ದುದು ಅವರ ಬಾಗಿಲನ್ನೇ. ಹೀಗೆ ನೆಮ್ಮದಿಯಾಗಿದ್ದ ಮನೆಗೆ ಸೊಸೆ ಫಿರ್ದೋಸ್ ಒಂದು ಹೊಸ ತಲೆನೋವು ತಂದಳು. ಎಚ್.ಡಿ. ಕೋಟೆ ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಯವರು ಕೆಲಸಗಾರರಿಗೆ ದಿನಾ ಮಧ್ಯಾಹ್ನದ ಊಟ ಇವರಿಂದಲೇ ತರಿಸಿಕೊಳ್ಳಲು ತಯಾರಿದ್ದರು. ಆದರೆ ನೀರಿನ ವರದಿಯಿಲ್ಲದೆ ಪರವಾನಗಿಯಿಲ್ಲ, ಪರವಾನಗಿಯಿಲ್ಲದೆ ವಿಮೆಯಿಲ್ಲ, ವಿಮೆಯಿಲ್ಲದೆ ಆರ್ಡರಿಲ್ಲ. ತಿಂಗಳೊಳಗೆ ಎಲ್ಲ ಕೈಸೇರದಿದ್ದರೆ ಆರ್ಡರು ಕಸಿದುಕೊಳ್ಳಲು ಪಿರಿಯಾಪಟ್ಟಣದ ಕೇಟರಿಂಗಿನವನೊಬ್ಬ ಬಾಯಿ ತೆರೆದುಕೊಂಡು ಕಾಯುತ್ತಿದ್ದ. ಮದುವೆಯಾದಾಗಿನಿಂದ ತನ್ನದೇ ಒಂದು ಕೆಲಸ ಬೇಕೆಂದು ಹಂಬಲಿಸಿದ್ದ ಫಿರ್ದೋಸ್‌ಗೆ ನಿದ್ದೆಯೇ ಹಾರಿಹೋಗಿತ್ತು.

"ವಿಮೆ ಯಾತಕ್ಕಮ್ಮ?" ಎಂದರು ಆಮಿನಾಬಿ.

"ನಮ್ ಊಟ ತಿಂದು ಯಾರ್ಗಾದ್ರೂ ಏನಾದ್ರೂ ಆದ್ರೆ ಅಂತ, ಅಮ್ಮಿ."

"ನಮ್ ಊಟ ತಿಂದ್ರೆ ನಿದ್ದೆ ಬತ್ತದೆ. ಇನ್ನೇನಾಗ್ತದೆ? ಬುಡು ಬುಡು."

ಮುಖ ಊದಿಸಿಕೊಂಡರೂ ಸೊಸೆಯ ಮುಖ ನೋಡಿ ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟರು, ಅಡುಗೆಯವರ ಆರೋಗ್ಯ ಸರ್ಟಿಫಿಕೇಟಿಗೆ ಹೆಬ್ಬೆಟ್ಟನ್ನೂ ಒತ್ತಿದರು. ಮಾರನೆಯ ದಿನ ಫಿರ್ದೋಸ್ ಪರವಾನಗಿಯ ಅರ್ಜಿ ಹಾಕಲು ಹೊರಟವಳು ಲ್ಯಾಬಿನ ಬಾಟಲಿಯನ್ನು ಅತ್ತೆಯ ಕೈಗಿಟ್ಟು, "ಮೈಸೂರಿನ ಲ್ಯಾಬಿಗೆ ಹೋಗೋದು. ಅಡುಗೆ ನೀರು ತುಂಬ್ಸಿಡಿ, ಅಮ್ಮಿ" ಎಂದಳು.

ಬಾಟಲಿ ಹೋಯಿತು. ಮಗ ಮುಬಷೀರ್ ಬಡಗಿ. ಪಾಲಿಶ್ ತರಲು ಮೈಸೂರಿಗೆ ಹೋದವನು ಅದನ್ನು ತಲುಪಿಸಿಯೂ ಬಂದ. ಕೆಲವು ದಿನಗಳ ಮೇಲೆ ವರದಿ ಬಂತು. ಫಿರ್ದೋಸ್ ಜೋರಾಗಿ ಓದಿದಳು. ನೀರಿಗೆ ಬಣ್ಣವಿದೆ, ವಾಸನೆಯಿದೆ, ಅಡುಗೆಗೆ ಲಾಯಕ್ಕಿಲ್ಲ.

ಮನೆಯಲ್ಲಿ ಗಲಿಬಿಲಿಯಾಯಿತು. ಮುಬಷೀರ್ ಪ್ಯಾಂಟು ಮಡಚಿಕೊಂಡು ಸಂಪಿನೊಳಗೆ ಇಳಿದ. ಗೋಡೆ ಉಜ್ಜಿದ, ನೆಲ ಉಜ್ಜಿದ, ಕೆಸರೂ ಸಿಗಲಿಲ್ಲ, ಸತ್ತ ಹಲ್ಲಿಯೂ ಸಿಗಲಿಲ್ಲ. "ಏನೂ ಇಲ್ಲ ಕಣಮ್ಮ ಇಲ್ಲಿ! ವಾಸ್ನೆ ಎಲ್ಲಿಂದ ಬಂತು?" ಎಂದು ಒಳಗಿನಿಂದಲೇ ಕೂಗಿದ.

ಆಮಿನಾಬಿ ಸಂಪಿನ ಅಂಚಿನಲ್ಲಿ ನಿಂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು. "ವಾಸ್ನೆ ಅಂದ್ರೆ... ಜೀರಿಗೆದಾ?"

ಅವರ ತವರು ಅಂತರಸಂತೆ. ಕೇರಳದ ಗಾಳಿ ಬೀಸುವ ಕಡೆ. ಅಲ್ಲಿ ಮನೆಗೆ ಬಂದವರಿಗೆ ಹಸಿ ನೀರು ಕೊಡುವ ಪದ್ಧತಿಯೇ ಇಲ್ಲ, ಜೀರಿಗೆ ಹಾಕಿ ಕುದಿಸಿ, ಆರಿಸಿ ಕೊಡಬೇಕು. ದೊಡ್ಡ ಊರಿನ ದೊಡ್ಡ ಮನುಷ್ಯರು ನೋಡುವ ನೀರನ್ನು ನಲ್ಲಿಯಿಂದ ಹಾಗೇ ಹಿಡಿದು ಕಳಿಸಿದರೆ ಮನೆಯ ಮರ್ಯಾದೆ ಏನಾಗಬೇಕು? ಹಾಗೆಂದುಕೊಂಡು ಬಾಟಲಿಯ ನೀರಿಗೆ ಸ್ವಲ್ಪ ಜಾಸ್ತಿಯೇ ಜೀರಿಗೆ ಹಾಕಿ ಕುದಿಸಿದ್ದರು.

ಮುಬಷೀರ್ ಸಂಪಿನೊಳಗೇ ಕುಳಿತು ನಕ್ಕ. ಆಮಿನಾಬಿಗೆ ನಗು ಬರಲಿಲ್ಲ. ಸೊಸೆಯ ಆಸೆಗೆ ತಾನೇ ಕೊಳ್ಳಿಯಿಟ್ಟೆನಲ್ಲ ಎಂದುಕೊಂಡರು. ಆ ದಿನ ಅಡುಗೆಮನೆಯ ಕಡೆ ತಲೆಹಾಕಲಿಲ್ಲ.

ಬೆಳಿಗ್ಗೆ ಫಿರ್ದೋಸ್ ಹೊಸ ಬಾಟಲಿ ಹಿಡಿದು ಬಂದಳು. ತಾನೇ ತುಂಬಿಸಿಕೊಳ್ಳುತ್ತಾಳೆ ಎಂದುಕೊಂಡ ಆಮಿನಾಬಿ ಪಕ್ಕಕ್ಕೆ ಸರಿದರು. ಅವಳು ಬಾಟಲಿಯನ್ನು ಅವರ ಕೈಗೇ ಇಟ್ಟಳು.

"ನೀವೇ ಹಿಡೀರಿ, ಅಮ್ಮಿ. ಇದು ನಿಮ್ ಅಡುಗೆಮನೆ."

ಆಮಿನಾಬಿಯ ಕಣ್ಣು ತುಂಬಿತು. ನಲ್ಲಿಯ ನೀರನ್ನು ಹಾಗೆಯೇ ಹಿಡಿದರು.

ಈ ಸಲ ನೀರು ಪಾಸಾಯಿತು. ಪರವಾನಗಿ ಬಂತು, ಹಿಂದೆಯೇ ವಿಮೆಯೂ ಬಂತು. ತಿಂಗಳ ಕೊನೆಯ ದಿನ ಕಾರ್ಖಾನೆಯ ಮ್ಯಾನೇಜರ್ ನಟರಾಜು ಅಡುಗೆಮನೆ ನೋಡಲು ಬಂದ. ಕಾಗದಗಳನ್ನೆಲ್ಲ ತಿರುವಿಹಾಕಿ, ಡಬರಿಗಳನ್ನು ಬಗ್ಗಿ ನೋಡಿ, "ಸರಿ, ನಾಳೆಯಿಂದ ಶುರು ಮಾಡಿ" ಎಂದ. ಆಮಿನಾಬಿ ಕೊಟ್ಟ ಲೋಟವನ್ನು ಒಂದೇ ಗುಟುಕಿಗೆ ಖಾಲಿ ಮಾಡಿದ.

"ಇದ್ಯಾವ ನೀರಮ್ಮ? ಭಾಳ ಚೆನ್ನಾಗದೆ. ಊಟದ ಜೊತೆ ಇದನ್ನೂ ಕಳಿಸ್ತೀರಾ?"

ಫಿರ್ದೋಸ್ ಬಾಯಿಗೆ ದುಪಟ್ಟಾ ಒತ್ತಿಕೊಂಡಳು.

"ಕಳಿಸ್ತೀನಿ ಕಣಪ್ಪ, ದಿನಾ ಕಳಿಸ್ತೀನಿ" ಎಂದು ಆಮಿನಾಬಿ ಇನ್ನೊಂದು ಲೋಟ ಬಗ್ಗಿಸಿದರು. "ಆದ್ರೆ ನೀನು ಮಾತ್ರ ಇದನ್ನ ಯಾವ ಲ್ಯಾಬಿಗೂ ಕಳಿಸ್ಬ್ಯಾಡ. ಅಲ್ಲಿ ಫೇಲಾಗೈತೆ."