ಐದು ಗುಂಡಿಯ ಅಂಗಿ

"ಒದ್ದೆ ಮಾಡ್ಕೋತಾರಾ ಇವರು? ದಿನಾನಾ, ಇಲ್ಲಾ ಯಾವಾಗಲಾದ್ರೂ ಒಂದ್ಸಲನಾ?"

ಪ್ರೆಂಟಿಸ್ ಕೇಳಿದ್ದು ಒಡೆಸ್ಸಾಳನ್ನು. 'ಇವರು' ಅನ್ನಿಸಿಕೊಂಡ ಟ್ವೈಲಾ ಅವನ ಮೊಣಕಾಲಿಗೆ ತಾಗುವಷ್ಟು ಹತ್ತಿರದಲ್ಲಿ ತನ್ನ ಗಾಲಿಕುರ್ಚಿಯಲ್ಲಿ ಕೂತಿದ್ದಳು. ವಯಸ್ಸು ಮೂವತ್ತಾರು. ಹುಟ್ಟುವಾಗ ಮಿದುಳಿಗೆ ಉಸಿರು ಸಾಲದೆ ಹೋಗಿ ಕೈ, ಕಾಲು, ನಾಲಿಗೆ ಮೂರೂ ಅವಳು ಹೇಳಿದಂತೆ ಕೇಳುತ್ತಿರಲಿಲ್ಲ. ಓದು, ಲೆಕ್ಕ ತಲೆಗೆ ಹತ್ತಿರಲಿಲ್ಲ. ಕಿವಿ ಮಾತ್ರ ಚುರುಕಾಗಿತ್ತು, ನಾಚಿಕೆಯೂ ಎಲ್ಲರಿಗೆ ಇರುವಷ್ಟೇ ಇತ್ತು.

"ಅವಳ್ನೇ ಕೇಳಿ ಸಾರ್," ಅಂದಳು ಒಡೆಸ್ಸಾ. "ನನ್ನ ಕೆಲ್ಸಕ್ಕೆ ಇಟ್ಕಂಡಿರೋಳು ಅವಳು. ಯಜಮಾನಿ ಅವಳು."

"ಗೊತ್ತು, ಗೊತ್ತು," ಎಂದು ನಕ್ಕ ಪ್ರೆಂಟಿಸ್, ಟ್ವೈಲಾಳ ಕಡೆ ಬಾಗಿ, ತೊಟ್ಟಿಲ ಕೂಸನ್ನು ಮಾತಾಡಿಸುವ ದನಿಯಲ್ಲಿ, "ಹೇಗಿದೀಯ ಪುಟ್ಟಾ?" ಎಂದ. ಅವಳ ನಾಲಿಗೆ ಎದ್ದು ಹೊರಳುವ ಹೊತ್ತಿಗೆ "ವೆರಿ ಗುಡ್" ಎಂದು ಮತ್ತೆ ಒಡೆಸ್ಸಾಳ ಕಡೆ ತಿರುಗಿದ್ದ.

ಅವನು ವರ್ಷಕ್ಕೊಮ್ಮೆ ಸರ್ಕಾರದ ಕಡೆಯಿಂದ ತಪಾಸಣೆಗೆ ಬರುವವನು. ಕಾಗದದ ಮೇಲೆ ಟ್ವೈಲಾ ದೊಡ್ಡ ಯಜಮಾನಿ: ತನ್ನ ಆಳನ್ನು ತಾನೇ ಆರಿಸಿಕೊಳ್ಳಬಹುದು, ಬೇಡವಾದರೆ ಬಿಡಿಸಬಹುದು, ಯಾವಾಗ ಏಳಬೇಕು, ಏನು ತಿನ್ನಬೇಕು ಎಲ್ಲ ಅವಳದೇ ಮರ್ಜಿ. ಸಂಬಳ ಸರ್ಕಾರದ್ದು. ಆಳು ವಾರಕ್ಕೆ ಎಷ್ಟು ಗಂಟೆ ಎನ್ನುವುದನ್ನು ಮಾತ್ರ ಪ್ರೆಂಟಿಸನ ತೊಡೆಯ ಮೇಲಿದ್ದ ಟ್ಯಾಬ್ ಹೇಳಬೇಕಿತ್ತು; ಕೈಲಾಗದ್ದು ಹೆಚ್ಚಿದ್ದಷ್ಟೂ ಗಂಟೆ ಹೆಚ್ಚು.

ಗಣಿ ಮುಚ್ಚಿಹೋದ ಆ ಕಣಿವೆಯಲ್ಲಿ ಇಂಥ ಮಕ್ಕಳಿದ್ದ ಮನೆಗಳಿಗೆಲ್ಲ ಈ ದಿನದ ವ್ರತ ಗೊತ್ತಿತ್ತು. ಅವತ್ತು ಸ್ನಾನ ಮಾಡಿಸಬಾರದು. ತಲೆ ಬಾಚಬಾರದು. ಕಲೆಯಾದ ರಾತ್ರಿ ಅಂಗಿಯಲ್ಲೇ ಕೂರಿಸಬೇಕು. ವರ್ಷದ ಅತಿ ಕೆಟ್ಟ ದಿನ ಯಾವುದಿತ್ತೋ ಅದನ್ನು ದಿನನಿತ್ಯದ್ದು ಎಂದು ಹೇಳಬೇಕು. ವರ್ಷವೆಲ್ಲ "ನಿನ್ನ ಕೈಲಾಗ್ತದೆ, ಮಾಡು ಮಗಳೇ" ಎಂದವರೇ ಅವತ್ತೊಂದು ದಿನ ಅವಳೆದುರಿಗೇ "ಇದ್ರ ಕೈಲಿ ಏನೂ ಆಗಕಿಲ್ಲ ಸಾರ್" ಎನ್ನಬೇಕು. ವಾರದಿಂದ ಒಡೆಸ್ಸಾ ಹೇಳಿದ್ದೇ ಹೇಳಿದ್ದು. "ಗುಂಡಿ ಅಂಗಿ ಮುಟ್ಬ್ಯಾಡ ಕಣೇ. ನಾನು ಬರೋಗಂಟ ಹಾಸ್ಗೆ ಬಿಟ್ಟು ಏಳ್ಬ್ಯಾಡ."

ಟ್ವೈಲಾ ತಲೆಯಾಡಿಸಿದ್ದಳು. ಆದರೆ ಮನೆಗೆ ಜನ ಬರುವ ದಿನ ಕಲೆಯಂಗಿಯಲ್ಲಿ ಕೂರುವುದಕ್ಕೆ ಅವಳಿಗೆ ಮನಸ್ಸೊಪ್ಪಲಿಲ್ಲ. ಬೆಳಕು ಹರಿಯುತ್ತಲೇ ತಲೆದಿಂಬಿನ ಪಕ್ಕದ ನೀಲಿ ಅಂಗಿ ಎಳೆದುಕೊಂಡು ಶುರು ಮಾಡಿದ್ದಳು. ಐದು ಗುಂಡಿ. ಬಲಗೈ ಮುಷ್ಟಿ ಬಿಚ್ಚುವುದಿಲ್ಲ, ಎಡಗೈ ಹೇಳಿದ ಕಡೆ ಹೋಗುವುದಿಲ್ಲ. ಒಡೆಸ್ಸಾ ಎರಡು ವರ್ಷ ಕೂತು ಕಲಿಸಿದ ವಿದ್ಯೆ ಅದು. ಎಂಟೂವರೆಗೆ ಒಡೆಸ್ಸಾ ಬಾಗಿಲು ತೆಗೆದಾಗ ಐದೂ ಮುಗಿದಿತ್ತು, ಬೆವರಿಗೆ ಅಂಗಿ ಮೈಗಂಟಿತ್ತು.

"ನೋ... ಡು," ಅಂದಿದ್ದಳು ಟ್ವೈಲಾ, ಮುಖ ಅರಳಿಸಿಕೊಂಡು.

"ಅಯ್ಯೋ ಹಾಳಾದೋಳೇ," ಎಂದು ಒಡೆಸ್ಸಾ ಬಿಚ್ಚಲು ಕೈ ಹಾಕುವಷ್ಟರಲ್ಲಿ ಹೊರಗೆ ಕಾರು ನಿಂತಿತ್ತು. ಅವಳನ್ನೆತ್ತಿ ಕುರ್ಚಿಯಲ್ಲಿ ಕೂರಿಸುವಷ್ಟೇ ಹೊತ್ತು ಸಿಕ್ಕಿತ್ತು.

ಪ್ರೆಂಟಿಸ್ ಒಳಗೆ ಬಂದವನೇ ಮೊದಲು ಅಂಗಿ ನೋಡಿದ. "ಅರೆ ವಾಹ್! ನೀನೇ ಹಾಕ್ಕೊಂಡ್ಯಾ?"

"ಹೂಂ... ನಾ... ನೇ." ಅವಳ ಬಾಳಿನಲ್ಲಿ ಅಷ್ಟು ಸಲೀಸಾಗಿ ಮಾತು ಬಂದದ್ದೇ ಅಪರೂಪ. ಅವನ ಬೆರಳು ಟ್ಯಾಬನ್ನು ಒಂದು ಸಲ ಮುಟ್ಟಿತು.

ಆಮೇಲಿಂದ ಒಡೆಸ್ಸಾ ಟ್ಯಾಬಿನ ಆ ಒಂದು ಗುರುತನ್ನು ಅಳಿಸಲು ಹೆಣಗುತ್ತಿದ್ದಳು.

"ಮಾಡ್ಕತಾಳೆ ಸಾರ್, ಒದ್ದೆ. ದಿನಾ ಮಾಡ್ಕತಾಳೆ," ಎಂದಳು ಈಗ, ಟ್ವೈಲಾಳ ಕಡೆ ನೋಡದೆ. "ನಾನು ಇಲ್ದೇ ಇದ್ರೆ ಅದ್ರಲ್ಲೇ ಬಿದ್ದಿರ್ತಾಳೆ. ತಿಂಗ್ಳದ್ದೂ ನಾನೇ ತೊಳೀಬೇಕು. ಅನ್ನ ಗಂಟ್ಲಲ್ಲಿ ಸಿಕ್ಕಂತದೆ. ಮೊನ್ನೆ ಫಿಟ್ಸ್ ಬಂದು ನಾಲ್ಗೆ ಕಚ್ಕಂಡು ರಗ್ತ ಬಂತು. ಇವಳು... ಇವಳ ಕೈಲಿ ಏನೂ ಆಗಕಿಲ್ಲ ಸಾರ್."

ಅರ್ಧ ನಿಜ, ಅರ್ಧ ಸುಳ್ಳು. ಟ್ವೈಲಾ ಗೋಡೆಯ ಗಡಿಯಾರ ನೋಡುತ್ತ ಕೂತಳು. ಮೈಯೆಲ್ಲ ಉರಿಯುತ್ತಿತ್ತು. ತನ್ನನ್ನು ಉಳಿಸಲಿಕ್ಕೇ ಹೀಗೆ ಬತ್ತಲೆ ಮಾಡುತ್ತಿದ್ದಾಳೆಂದು ಗೊತ್ತಿದ್ದರೂ ಅವತ್ತು ಒಡೆಸ್ಸಾಳನ್ನು ಕಂಡರೆ ಅವಳಿಗೆ ಸಿಟ್ಟೇ ಬಂತು.

"ಆದ್ರೆ ಗುಂಡಿ ಹಾಕ್ಕೋತಾರಲ್ಲ," ಎಂದ ಪ್ರೆಂಟಿಸ್ ಮೆತ್ತಗೆ. "ಬಟ್ಟೆ ತೊಡೋದು, ತಾನೇ ಮಾಡ್ಕೋತಾರೆ ಅಂತ ಆಯ್ತು. ಅದಾದ್ರೆ ಮುಖ ತೊಳೆಯೋದು, ಊಟ, ಎಲ್ಲಾ ಅದರ ಹಿಂದೇನೇ ಬರುತ್ತೆ."

"ಎಷ್ಟ್ ಹೊತ್ತು ಹಿಡೀತದೆ ಅಂತ ಕೇಳ್ರಲಾ!"

"ಅದಕ್ಕೆ ಇಲ್ಲಿ ಜಾಗ ಇಲ್ಲ ಮೇಡಂ. ಮಾಡ್ತಾರಾ, ಮಾಡಲ್ವಾ, ಅಷ್ಟೇ." ಟ್ಯಾಬನ್ನು ಒತ್ತಿ, ಕಾದು, ತಿರುಗಿಸಿ ತೋರಿಸಿದ. "ನಲವತ್ತೆಂಟು ಗಂಟೆ ಇದ್ದದ್ದು ಹದಿನೆಂಟು. ನಿಮ್ಮ ತರಬೇತಿ ಫಲ ಕೊಟ್ಟಿದೆ. ಕಂಗ್ರಾಜುಲೇಷನ್ಸ್."

ಒಡೆಸ್ಸಾ ಸೋಫಾದ ಅಂಚಿನಲ್ಲಿ ಕೂತಳು. ಹದಿನೆಂಟು ಗಂಟೆಯ ಕೂಲಿಯಲ್ಲಿ ಅವಳ ಮನೆ ನಡೆಯುವುದಿಲ್ಲ, ಗೋದಾಮಿನ ಕೆಲಸಕ್ಕೆ ಹೋಗಬೇಕು. ಅವಳು ಹೋದರೆ ಟ್ವೈಲಾ ಮತ್ತೆ ಇಂಥವರನ್ನು ಇಡುವ ಆ ಹಾಸ್ಟೆಲಿಗೆ.

ತಾಯಿ ಸತ್ತ ಮೇಲೆ ಎರಡು ವರ್ಷ ಅಲ್ಲಿದ್ದವಳು ಟ್ವೈಲಾ. ಪಾಳಿಯವರಿಗೆ ಅನುಕೂಲವೆಂದು ಸಂಜೆ ಆರಕ್ಕೆಲ್ಲ ಮಲಗಿಸಿಬಿಡುತ್ತಿದ್ದರು. ಬೇಸಿಗೆಯಲ್ಲಿ ಪರದೆಯಾಚೆ ಬಿಸಿಲು ಇನ್ನೂ ಇರುತ್ತಿತ್ತು, ಬೀದಿಯಲ್ಲಿ ಮಕ್ಕಳು ಸೈಕಲ್ ಹೊಡೆಯುವ ಸದ್ದು ಕೇಳುತ್ತಿತ್ತು, ಇವಳು ಕಣ್ಣು ಬಿಟ್ಟುಕೊಂಡು ಬೆಳಗಿನವರೆಗೆ ಬಿದ್ದಿರಬೇಕಿತ್ತು. ಅಲ್ಲಿ ನೆಲ ಒರೆಸುತ್ತಿದ್ದವಳು ಒಡೆಸ್ಸಾ. ಒಂದು ದಿನ ಟ್ವೈಲಾ ಅವಳ ಅಂಗಿಯ ತುದಿ ಹಿಡಿದು, ಕಾಲು ಗಂಟೆ ತೆಗೆದುಕೊಂಡು, "ನನ್ ಹತ್ರ ಕೆಲ್ಸಕ್ ಬಾ" ಎಂದಿದ್ದಳು. ಬಾಳಿನಲ್ಲಿ ಅವಳು ಕೊಟ್ಟ ಮೊದಲ ಅಪ್ಪಣೆ ಅದು.

"ಥೂ, ನಿಮ್ ವಂಸ ಹಾಳಾಗ," ಎಂದಳು ಒಡೆಸ್ಸಾ ಕೂತಲ್ಲಿಂದಲೇ. "ಕಲ್ಸಿ ಕಲ್ಸಿ ಅಂತ ನೀವೇ ಕಾಗ್ದ ಕಳ್ಸಿದ್ರಲ್ಲ ಬೋಳಿಮಕ್ಳಾ! ಕಲ್ತಿದ್ದಕ್ಕೆ ಜೈಲಾ?"

"ಬಾಯಿ ಬಿಗಿ ಹಿಡಿದು ಮಾತಾಡಿ. ಬೇಕಿದ್ರೆ ಅಪೀಲು ಮಾಡ್ಕೊಳ್ಳಿ." ಪ್ರೆಂಟಿಸ್ ಗಡಿಯಾರ ನೋಡಿದ. "ಹನ್ನೊಂದಕ್ಕೆ ಇನ್ನೊಂದು ಮನೆ ಇದೆ ನನಗೆ. ಒಂದು ಸಹಿ ಬೇಕು ಅಷ್ಟೇ. 'ಈ ಯೋಜನೆಯನ್ನು ನಾನೇ ನಿರ್ಧರಿಸಿದ್ದೇನೆ' ಅಂತ."

ಟ್ಯಾಬನ್ನು ಟ್ವೈಲಾಳ ತೊಡೆಯ ಮೇಲಿಟ್ಟ. ಅವಳ ಬಿಗಿದ ಮುಷ್ಟಿಯೊಳಗೆ ಟ್ಯಾಬಿನ ಮೇಲೆ ಬರೆಯುವ ಕಡ್ಡಿ ತುರುಕಿ, ಮೇಲೆ ತನ್ನ ಕೈಯಿಟ್ಟು, ಸ್ಲೇಟು ತಿದ್ದಿಸುವ ಹಾಗೆ ಗೀಚಿಸತೊಡಗಿದ. "ಹಾಂ, ಹಂಗೇ ಪುಟ್ಟಾ. ಆಯ್ತು, ಆಯ್ತು."

ಟ್ವೈಲಾಳ ಗಂಟಲಿನಿಂದ ಒಂದು ಸದ್ದು ಹೊರಟಿತು. ತೋಳು ಒಮ್ಮೆ ಜಾಡಿಸಿತು. ಟ್ಯಾಬು ನೆಲಕ್ಕೆ ಬಿತ್ತು. ಎಡಗೈ ಕುರ್ಚಿಯ ಹಿಡಿಕೆ ಒತ್ತಿತು. ಮೋಟಾರು ಗುರ್ ಎಂದು ಕುರ್ಚಿ ಸೀದಾ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿತು. ಅವಳು ಸ್ವಿಚ್ ಆರಿಸಿದಳು. ಆರಿಸಿದರೆ ಆ ಕುರ್ಚಿ ನಾಲ್ಕು ಜನಕ್ಕೂ ಜಗ್ಗುವುದಿಲ್ಲ. ಮೆಟ್ಟಿಲು ಕೊಳೆತು ಬಿದ್ದ ವರ್ಷವೇ ಹಿಂಬಾಗಿಲಿಗೆ ಮೊಳೆ ಹೊಡೆದಿದ್ದರು.

"ಡೆಸ್ಸಿ. ಬಿ... ಚ್ಚು."

ಒಡೆಸ್ಸಾ ಅವಳ ಮುಖವನ್ನೇ ನೋಡಿದಳು. ಎದ್ದು ಬಂದು ಅಂಗಿಯ ಐದೂ ಗುಂಡಿ ಬಿಚ್ಚಿದಳು, ಒಂದುಸಿರಿನಲ್ಲಿ. ಒಳಗೆ ತೆಳು ಬನಿಯನ್, ಅದರೊಳಗೆ ಎಲುಬಿನ ಎದೆ ಏದುತ್ತಿತ್ತು.

"ಗಡ್... ಯಾರ. ನೋ... ಡು," ಅಂದಳು ಟ್ವೈಲಾ ಪ್ರೆಂಟಿಸನಿಗೆ. ಎಡಗೈ ಮೊದಲ ಗುಂಡಿಯ ಕಡೆ ಹೊರಟಿತು, ತಪ್ಪಿತು, ಗದ್ದಕ್ಕೆ ಬಡಿಯಿತು, ಮತ್ತೆ ಹೊರಟಿತು.

"ಏನಿದು? ಕುರ್ಚಿ ಸರಿಸಿ ಮೇಡಂ."

ಒಡೆಸ್ಸಾ ಸೋಫಾದಲ್ಲಿ ಕೂತು ಕಾಲ ಮೇಲೆ ಕಾಲು ಹಾಕಿದಳು. "ನನ್ನ ಯಜಮಾನಿ ಹೇಳ್ಲಿಲ್ವಲ್ಲ ಸಾರ್. ನಾನು ಅವಳ ಆಳು. ನಿಮ್ ಕಾಗ್ದದಲ್ಲೇ ಐತೆ."

ಮೊದಲ ಗುಂಡಿಗೆ ಇಪ್ಪತ್ತೆರಡು ನಿಮಿಷ ಹಿಡಿಯಿತು. ಪ್ರೆಂಟಿಸ್ ಮೊದಲು ನಕ್ಕ, ಆಮೇಲೆ ಬೇಡಿದ, ಆಮೇಲೆ ಪೊಲೀಸರನ್ನು ಕರೆಸುವುದಾಗಿ ಹೇಳಿದ. ಕಚೇರಿಗೆ ಫೋನು ಮಾಡಿದ. "ಬಾಗಿಲಿಗೆ ಅಡ್ಡ ಕೂತಿದ್ದಾರೆ... ಇಲ್ಲ, ಹೊಡೀತಿಲ್ಲ... ಗುಂಡಿ ಹಾಕ್ಕೋತಾ ಇದ್ದಾರೆ... ಹೌದು ಸಾರ್, ಗುಂಡಿ." ಅತ್ತ ಕಡೆ ಏನೆಂದರೋ, ಫೋನನ್ನು ಜೇಬಿಗೆ ಹಾಕಿಕೊಂಡು ಪೊಲೀಸರ ಗಾಡಿಗಾಗಿ ಕಿಟಕಿಯಾಚೆ ನೋಡತೊಡಗಿದ.

ಹನ್ನೊಂದು ಹೊಡೆದು ಎಷ್ಟೋ ಹೊತ್ತಾಗಿತ್ತು. ಟ್ವೈಲಾಳ ತೊಡೆ ನಡುಗತೊಡಗಿತು. ಅದರ ಅರ್ಥ ಒಡೆಸ್ಸಾಳಿಗೆ ಗೊತ್ತು. ಬಚ್ಚಲಿಗೆ ಕರೆದೊಯ್ಯಲು ಎದ್ದಳು.

"ಕೂ... ತ್ಕೊ," ಅಂದಳು ಟ್ವೈಲಾ.

"ಯಜಮಾನೀ, ಬ್ಯಾಡ ಕಣವ್ವ. ನಿನ್ನ ಕಾಲು ಹಿಡ್ಕತೀನಿ, ಬಾ..."

"ಕೂತ್ಕೊ!"

ಒಡೆಸ್ಸಾ ಕೂತು, ಬಾಯಿಗೆ ಕೈ ಅಡ್ಡ ಹಿಡಿದು ಅತ್ತಳು. ಕುರ್ಚಿಯ ಕೆಳಗಿನಿಂದ ಸಣ್ಣ ಗೆರೆಯೊಂದು ಹರಿದು, ನೆಲದಲ್ಲಿ ಬಿದ್ದಿದ್ದ ಟ್ಯಾಬನ್ನು ಸುತ್ತಿ, ಪ್ರೆಂಟಿಸನ ಬೂಟಿನ ಕಡೆ ಹೋಯಿತು. ಅವನು ಕಾಲು ಹಿಂದಕ್ಕೆಳೆದುಕೊಂಡ. ದೂರದ ತಿರುವಿನಲ್ಲಿ ಪೊಲೀಸು ಗಾಡಿಯ ಸದ್ದು ಕೇಳಿಸಿತು.

ಟ್ವೈಲಾ ತಲೆಯೆತ್ತಲಿಲ್ಲ. ಮೂರನೆಯ ಗುಂಡಿ ತಪ್ಪು ಕಾಜಾದೊಳಗೆ ಹೋಗಿತ್ತು. ಅವಳು ಅದನ್ನು ಬಿಚ್ಚಿ, ಮತ್ತೆ ಹಾಕತೊಡಗಿದಳು.