ಕೌಂಟ್ ಸರಿಯಾಗೇ ಇತ್ತು

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಯಾವ ಪುಣ್ಯಾತ್ಮ ಹೇಳಿ ಹೋದನೋ, ಹದಿನಾರು ಅನ್ನುವ ಊರಿನ ಪುಟ್ಟಬಸಮ್ಮ ಅಷ್ಟೆಲ್ಲ ಹೇಳಲಿಲ್ಲ. ಒಂದೇ ಒಂದು ಮಾತು ಮುಚ್ಚಿಟ್ಟಳು. ಮಗಳು ಅರ್ಪಿತಳಿಗೆ ರಕ್ತ ಬಂದರೆ ಬೇಗ ನಿಲ್ಲುವುದಿಲ್ಲ ಅನ್ನುವ ಮಾತು.

ಹುಟ್ಟಿನಿಂದ ಬಂದ ಕಾಯಿಲೆ. ಮೂಗು ಚುಚ್ಚಿಸಿದಾಗ ಎರಡು ದಿನ ಸೋರಿತ್ತು. ಮುಟ್ಟಾದರೆ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಮೈಸೂರಿನ ಡಾಕ್ಟ್ರು ಬಿಡಿಸಿ ಹೇಳಿದ್ದರು: ರಕ್ತ ಕಟ್ಟುವ ಪ್ಲೇಟ್‌ಲೆಟ್ಟು ಇವಳಲ್ಲಿ ಲೆಕ್ಕಕ್ಕೆ ಸರಿಯಾಗಿವೆ, ಕೆಲಸ ಮಾತ್ರ ಮಾಡುವುದಿಲ್ಲ, ಕೂಲಿಯಾಳುಗಳು ಹೊಲಕ್ಕೆ ಬಂದು ಮರದ ನೆರಳಲ್ಲಿ ಕೂತ ಹಾಗೆ. ರಕ್ತ ನಿಲ್ಲಿಸುವ ಮಾತ್ರೆ ಬರೆದುಕೊಟ್ಟು, ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಇದನ್ನು ತೋರಿಸಿ ಅಂತ ಒಂದು ಕಾರ್ಡೂ ಕೊಟ್ಟಿದ್ದರು.

ನರಸೀಪುರದ ಸಂಬಂಧ ಕೂಡಿಬಂದ ದಿನವೇ ಆ ಕಾರ್ಡು ಒಲೆಗೆ ಹೋಯಿತು. ಅತ್ತೆಮನೆಯಲ್ಲಿ ಉಸಿರೆತ್ತಬಾರದು ಅಂತ ಕೊರಳ ಲಿಂಗ ಮುಟ್ಟಿಸಿ ಮಗಳಿಂದ ಆಣೆ ಮಾಡಿಸಿಕೊಂಡಳು. ಮದುವೆಯಾದ ಮೇಲೆ ತಿಂಗಳಿಗೊಮ್ಮೆ ನಂಜನಗೂಡಿನ ಮೆಡಿಕಲ್‌ನಲ್ಲಿ ಮಾತ್ರೆ ಕೊಂಡು, ಕ್ಯಾಲ್ಸಿಯಂ ಡಬ್ಬಿಗೆ ತುಂಬಿ, ತಾನೇ ಬಸ್ಸು ಹತ್ತುತ್ತಿದ್ದಳು. ಬೀಗಿತ್ತಿ ಸಿದ್ದಲಿಂಗಮ್ಮ, ಪಾಪ, ತಾಯಿಗೆ ಮಗಳ ಮೂಳೆ ಮೇಲೆ ಎಷ್ಟು ಕಾಳಜಿ ಅಂತ ಬೀದಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು.

ಐದನೇ ತಿಂಗಳು ಡಬ್ಬಿ ಹಿಡಿದು ಹೋದರೆ ಮನೆಗೆ ಬೀಗ. ಸೊಸೆಗೆ ಹಲ್ಲುನೋವು ಅಂತ ಬಸ್ ಸ್ಟ್ಯಾಂಡ್ ಹತ್ತಿರದ ಹಲ್ಲಿನ ಡಾಕ್ಟರ ಬಳಿಗೆ ಕರಕೊಂಡು ಹೋಗಿದ್ದಾರೆ ಅಂದರು ಪಕ್ಕದ ಮನೆಯವರು. ಪುಟ್ಟಬಸಮ್ಮ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡಳು. ಓಡೋಡಿ ಹೋದರೆ ದವಡೆಹಲ್ಲು ಕಿತ್ತಾಗಿತ್ತು. ಕುರ್ಚಿಯಲ್ಲಿ ಅರ್ಪಿತ, ಬಾಯಿ ತುಂಬ ಹತ್ತಿ, ಹತ್ತಿ ತುಂಬ ರಕ್ತ. ಕೀಳುವ ಮುಂಚೆ ಕಾಯಿಲೆ ಏನಾದರೂ ಇದೆಯಾ ಅಂತ ಕೇಳಿದ್ದಕ್ಕೆ, ಪಕ್ಕದಲ್ಲೇ ಅತ್ತೆ ನಿಂತಿದ್ದಳಲ್ಲ, ಹುಡುಗಿ ಇಲ್ಲ ಅಂದಿತ್ತಂತೆ. ಆಣೆ ಅಂದರೆ ಆಣೆ.

ಈಗ ಡಾಕ್ಟ್ರು ತಾಯಿಯನ್ನೇ ಕೇಳಿದರು, ಮೊದಲು ಯಾವಾಗಲಾದರೂ ಹೀಗಾಗಿತ್ತಾ ಅಂತ. ಅರ್ಪಿತ ಕಣ್ಣು ಕಿತ್ತು ಬರುವ ಹಾಗೆ ಅವ್ವನನ್ನೇ ನೋಡಿದಳು. ಸಿದ್ದಲಿಂಗಮ್ಮನೂ ನೋಡಿದಳು.

"ಇಲ್ಲ ಸಾ," ಅಂದಳು ಪುಟ್ಟಬಸಮ್ಮ. "ಗಟ್ಟಿಮುಟ್ಟಾಗೇ ಇದ್ಲು."

ಅವಳ ಬಾಯಿಗಿಷ್ಟು ಮಣ್ಣು ಬೀಳ! ಔಷಧ ಕಂಕುಳಲ್ಲಿದ್ದ ಬ್ಯಾಗಿನಲ್ಲೇ ಇತ್ತು.

ಡಾಕ್ಟ್ರು ಎದುರಿನ ಲ್ಯಾಬಿಗೆ ರಕ್ತ ಕಳಿಸಿದರು. ಪ್ಲೇಟ್‌ಲೆಟ್ಟಿನ ಕೌಂಟ್ ಸರಿಯಾಗೇ ಇದೆ ಅಂತ ಚೀಟಿ ಬಂತು. ಅವರು ತಲೆ ಕೆರೆದುಕೊಂಡು ಹೊಲಿಗೆ ಹಾಕಿದರು, ಮತ್ತೆ ಮತ್ತೆ ಹತ್ತಿ ಬದಲಿಸಿದರು. ತಾನಾಗೇ ನಿಂತುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲವಲ್ಲ ಅಂತ ಪುಟ್ಟಬಸಮ್ಮ ಮೂಲೆಯಲ್ಲಿ ಕೂತು ನಂಜುಂಡೇಶ್ವರನಿಗೆ ಹರಕೆ ಹೊತ್ತಳು. ಮಗಳ ತಲೆ ಪಕ್ಕಕ್ಕೆ ವಾಲಿ, ರಕ್ತ ಗಲ್ಲದಿಂದ ಸೀರೆಗೆ ಇಳಿದಾಗ ಎದ್ದು ಡಬ್ಬಿಯನ್ನು ಡಾಕ್ಟರ ಕೈಗೆ ತುರುಕಿ, ಅಳುತ್ತ ಎಲ್ಲವನ್ನೂ ಕಕ್ಕಿದಳು. ಅವರು ಬೈಯುತ್ತಲೇ ಮಾತ್ರೆ ಅರೆದು, ನೀರಲ್ಲಿ ಕಲಸಿ, ಬಟ್ಟೆಗೆ ಅದ್ದಿ ಗಾಯಕ್ಕೆ ಒತ್ತಿ ಹಿಡಿದರು. ಆಮೇಲೆ ಆಂಬುಲೆನ್ಸು, ಮೈಸೂರು, ಕೆಲಸ ಮಾಡುವ ಬೇರೆಯವರ ಪ್ಲೇಟ್‌ಲೆಟ್ಟು.

ಹುಡುಗಿ ಉಳಿಯಿತು. ದಾರಿಯುದ್ದಕ್ಕೂ ಗಲ್ಲಕ್ಕೆ ಬಟ್ಟೆ ಹಿಡಿದು ಕೂತವಳು ಸಿದ್ದಲಿಂಗಮ್ಮ. ಆಸ್ಪತ್ರೆಯಲ್ಲಿ ಬೀಗಿತ್ತಿಯನ್ನು ಬೈಯಲೂ ಇಲ್ಲ.

"ಮೊದ್ಲೇ ಯೇಳಿದ್ರೆ ನಾವು ಬ್ಯಾಡ ಅಂತಿದ್ವೇನೋ," ಅಂದಳು. "ಅಂದಿದ್ರೆ ಏನಾಯ್ತಿತ್ತು? ಎಣ್ಣು ನಿಮ್ಮನೇಲಿ ನೆಮ್ದಿಯಾಗಿರ್ತಿತ್ತು."

ನಾಲ್ಕನೇ ದಿನ ಮನೆಗೆ ಕಳಿಸಿದರು. ತಿಂಗಳೊಪ್ಪತ್ತು ನಮ್ಮಲ್ಲಿಗೆ ಬಾ, ಬಾಣಂತಿ ಥರ ನೋಡಿಕೊಳ್ಳುತ್ತೀನಿ ಅಂತ ಪುಟ್ಟಬಸಮ್ಮ ಮಗಳ ಕೈ ಹಿಡಿದಳು. ಅರ್ಪಿತ ಕೈ ಬಿಡಿಸಿಕೊಂಡಳು.

"ಆ ರೂಮಲ್ಲಿ ಗಡಿಯಾರ ಇತ್ತು ಕಣವ್ವ. ಬಾಯಿಗೆ ಹತ್ತಿ ತುರುಕಿದ್ರು, ನಂಗೆ ಮಾತಾಡಕ್ಕಾಯ್ತಿರ್ನಿಲ್ಲ. ನಿಂಗೆ ಆಯ್ತಿತ್ತು. ನಲವತ್ತು ನಿಮಿಷ ನೋಡ್ದೆ."

ಮಾತ್ರೆ ಇನ್ನುಮೇಲೆ ಅತ್ತೆಯೇ ತರುತ್ತಾರೆ, ನೀನು ಬರುವುದು ಬೇಡ ಅಂತ ಹೇಳಿ, ಸಿದ್ದಲಿಂಗಮ್ಮನ ತೋಳು ಹಿಡಿದು ಆಟೋ ಹತ್ತಿದಳು.