ಅಮ್ಮ ಓದದೆ ಹೇಳಿದ ಕತೆ

ಕಪಾಟಿನ ಮೇಲಿನ ಸಾಲಿನಿಂದ ತಮ್ಮ ಒಂದೊಂದೇ ಪುಸ್ತಕ ಎಳೆದು, ಹೆಸರು ನೋಡಿ, ಅಮ್ಮನ ಹಾಸಿಗೆಯ ಮೇಲೆ ಎಸೆಯುತ್ತಿದ್ದ.

"ಬೇಗ ಯಾವುದಾದ್ರೂ ಒಂದು ಹೇಳೇ ಅಕ್ಕ. ಮಣ್ಣು ಮಾಡೋ ಮುಂಚೆ ಅಮ್ಮನ ಪುಸ್ತಕದಿಂದ ನಾಲ್ಕು ಸಾಲು ಓದ್ಬೇಕು ಅಂತ ಅಪ್ಪನೇ ಹೇಳಿದ್ದು."

"ದೀಪಸ್ತಂಭದ್ದು ತೆಗಿ. ನೀಲಿ ರಟ್ಟಿನದು. ಹೋದ ವರ್ಷ ರಜಕ್ಕೆ ನಾನೇ ಕಳಿಸಿದ್ದೆ. ಅಮ್ಮನಿಗೆ ಅದಂದ್ರೆ ಪ್ರಾಣ."

ತಮ್ಮ ಅದನ್ನು ಬಿಡಿಸಿದ. ಹೊಸ ಬೆನ್ನು ಚಟ್ ಎಂದಿತು. ಪುಟಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅವನು ಹಿಂಬದಿಯ ರಟ್ಟನ್ನು ಗಟ್ಟಿಯಾಗಿ ಓದಿದ: "ದೀಪಸ್ತಂಭದ ನೆರಳಿನ ಬಂದರು. ಮುಳುಗುತ್ತಿರುವ ಹಡಗಿನ ಕಂಪನಿಗಾಗಿ ಮೂವರು ಅಣ್ಣತಮ್ಮಂದಿರ ಕಾದಾಟ…"

"ಸರಿಯಾಗಿ ಓದೋ. ಅದು ಒಬ್ಬಳೇ ಇರೋ ವಿಧವೆ ಕತೆ. ದಿನಾ ಸಂಜೆ ಯಾರೋ ಬಾಗಿಲು ತಟ್ತಾರೆ."

"ವಿಧವೆಯೂ ಇಲ್ಲ, ಗಿಧವೆಯೂ ಇಲ್ಲ. ತಗೋ, ನೀನೇ ನೋಡು."

ಅಕ್ಕ ನೋಡಲಿಲ್ಲ. ಪುಸ್ತಕ ಕೈಗೆ ತೆಗೆದುಕೊಂಡು ಬೆರಳಿನಿಂದ ಅಂಚು ಸವರಿದಳು. ಹಾಸಿಗೆಯ ಮೇಲೆ ಬಿದ್ದಿದ್ದವನ್ನು ಒಂದೊಂದಾಗಿ ತೆರೆದಳು. ಈಚಿನ ಐದಾರು ವರ್ಷಗಳಲ್ಲಿ ತಾನು ಕಳಿಸಿದ್ದವೆಲ್ಲ ಚಟ್ ಚಟ್ ಎಂದವು. ಕೆಳಗಿನ ಸಾಲಿನ ಹಳೆಯವು ಮಾತ್ರ ಮೂಲೆ ಮಡಚಿ, ನಡುವೆ ದಾರದ ಎಳೆ ಸಿಕ್ಕಿಕೊಂಡು, ಉಬ್ಬಿ ನಿಂತಿದ್ದವು.

"ಓದೇ ಇಲ್ವಲ್ಲೋ," ಎಂದಳು.

*

ಅಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆಯ ಮಷಿನ್ ಇಟ್ಟುಕೊಂಡಿದ್ದಳು. ವರ್ಷವಿಡೀ ಬೇರೆಯವರ ಪ್ಯಾಂಟು ಗಿಡ್ಡ ಮಾಡುವುದು, ಸೊಂಟ ಸಡಿಲಿಸುವುದು. ಶಾಲೆಗೆ ರಜ ಬಿಟ್ಟ ಕೂಡಲೇ ಮಷಿನ್‌ಗೆ ಬಟ್ಟೆ ಹೊದಿಸಿ, "ಅಂಗಡಿ ಬಂದ್," ಎನ್ನುತ್ತಿದ್ದಳು. ಊರೂರು ಸುತ್ತುವವರ ಪೈಕಿ ಅವರಾಗಿರಲಿಲ್ಲ. ರಜವೆಂದರೆ ಅಮ್ಮನ ಪುಸ್ತಕಗಳು. ಅವೂ ಎಲ್ಲ ಎದೆ ನಡುಗಿಸುವಂಥವು: ಕೊಲೆ, ಪಾಳುಮನೆ, ಗೋಡೆಯೊಳಗಿನ ದನಿ. ಮಧ್ಯಾಹ್ನ ಊಟವಾದ ಮೇಲೆ ಪರದೆ ಎಳೆದು, ಮಕ್ಕಳಿಬ್ಬರನ್ನೂ ಎರಡು ಮಗ್ಗುಲಿಗೆ ಕೂರಿಸಿಕೊಂಡು ಜೋರಾಗಿ ಓದುತ್ತಿದ್ದಳು. ತಮ್ಮ ಕಿವಿ ಮುಚ್ಚಿಕೊಂಡು ಕಣ್ಣು ಬಿಟ್ಟುಕೊಂಡಿರುತ್ತಿದ್ದ. ಅಕ್ಕ ಕಣ್ಣು ಮುಚ್ಚಿಕೊಂಡು ಕಿವಿ ತೆರೆದಿರುತ್ತಿದ್ದಳು.

"ಅಮ್ಮಾ, ನಿಂಗೆ ಭಯ ಆಗಲ್ವಾ?"

"ಆಗ್ದೆ ಏನು? ಅದಕ್ಕೇ ತಾನೆ ನಿಮ್ಮನ್ನ ಪಕ್ಕದಲ್ಲಿ ಕೂರಿಸಿಕೊಂಡಿರೋದು."

ಮುಂದೆ ಅಕ್ಕ ಬಸ್ ಡ್ರೈವರ್ ಆಗಿ ಬೇರೆ ಊರು ಸೇರಿದಳು. ಪ್ರತಿ ರಜಕ್ಕೂ ಒಂದು ಪುಸ್ತಕ ಕಳಿಸುತ್ತಿದ್ದಳು. ಅಮ್ಮ ಫೋನಿನಲ್ಲಿ ದಿನಕ್ಕಿಷ್ಟು ಕತೆ ಹೇಳುತ್ತಿದ್ದಳು. ಡಿಪೋದ ಬೆಂಚಿನ ಮೇಲೆ ಕೂತು, ಚಹಾ ಆರಿಸಿಕೊಳ್ಳುತ್ತ, ಅಕ್ಕ ಕೇಳುತ್ತಿದ್ದಳು.

"ಆಮೇಲೆ? ಬಾಗಿಲು ತೆಗೆದಳಾ?"

"ತಾಳೇ ಮಾರಾಯ್ತಿ. ಇನ್ನೂ ಅಲ್ಲಿಗೆ ಬಂದಿಲ್ಲ. ನಾಳೆ ಹೇಳ್ತೀನಿ."

*

ಅಪ್ಪ ಅಡುಗೆಮನೆಯಲ್ಲಿ ಬೂಟಿಗೆ ಪಾಲಿಶ್ ಹಾಕುತ್ತಿದ್ದ. ಪಕ್ಕದ ಮನೆಯಾಕೆ ಲೋಟ ತೊಳೆಯುತ್ತ ಮಾತಾಡುತ್ತಲೇ ಇದ್ದಳು.

"ನನ್ನ ಮದುವೆ ಬಟ್ಟೆ ಅವಳೇ ಹೊಲಿದಿದ್ದು. ಒಂದು ಹೊಲಿಗೆ ಆಚೀಚೆ ಇರಲಿಲ್ಲ. ಆದ್ರೆ ಕೊನೇಲಿ ನನ್ನ ಲಂಗದ ಅಂಚು ಹಾವು ಹರಿದ ಹಾಗೆ ಹೊಲಿದಿದ್ದಳು. ಕುಡಿದು ಹೊಲಿದೆಯೇನೇ ಅಂದುಬಿಟ್ಟೆ. ಮಾರನೇ ವಾರವೇ ಬೆನ್ನು ನೋವು ಅಂತ ಮಷಿನ್ ಮಾರಿಬಿಟ್ಟಳು."

ಅಕ್ಕ ಪುಸ್ತಕವನ್ನು ಮೇಜಿನ ಮೇಲಿಟ್ಟಳು.

"ಅಪ್ಪಾ, ಅಮ್ಮ ಇದನ್ನ ಓದೇ ಇಲ್ಲ."

ಅಪ್ಪನ ಕೈ ನಿಂತಿತು. ಪಕ್ಕದ ಮನೆಯಾಕೆ ಲೋಟಗಳನ್ನೆತ್ತಿಕೊಂಡು ಹೊರಗೆ ಹೋಗುವವರೆಗೂ ಅವನು ಕಾದ.

"ಅವಳಿಗೆ ಕಾಣ್ತಿರಲಿಲ್ಲಮ್ಮ. ನಟ್ಟನಡುವೆ ಮಸಿ ಮೆತ್ತಿದ ಹಾಗಿದೆ ಅಂತಿದ್ದಳು. ಸುತ್ತ ಕಾಣ್ತಿತ್ತು, ನೋಡಬೇಕಾದ್ದು ಕಾಣ್ತಿರಲಿಲ್ಲ. ಮೊದಲು ಗೆರೆಗಳು ಸೊಟ್ಟಗಾದವಂತೆ. ಅವಳಮ್ಮನಿಗೂ ಹೀಗೇ ಆಗಿತ್ತು."

"ನನಗ್ಯಾಕೆ ಹೇಳಲಿಲ್ಲ?"

"ನೀನು ಬಸ್ಸು ಓಡಿಸೋಳು. ನಿನಗೂ ಬಂದೀತು ಅನ್ನೋ ಭಯ ಹೊತ್ತುಕೊಂಡು ನೀನು ದಿನಾ ಗಾಡಿ ಹತ್ತೋದು ಬೇಡ, ಬಂದಾಗ ನೋಡೋಣ ಅಂತಿದ್ದಳು. ಪುಸ್ತಕ ಬಂದ ದಿನ ಎದೆಗಪ್ಪಿಕೊಂಡು ಕೂತು ಕತೆ ಕಟ್ಟೋಳು. ನನಗೆ ಮೊದಲು ಹೇಳಿ ನೋಡಿ, ಆಮೇಲೆ ನಿನಗೆ."

ಅಕ್ಕ ಅಡುಗೆಮನೆಯ ಬಾಗಿಲಿನತ್ತ ತಿರುಗಿದಳು. ಎಡಗಣ್ಣು ಮುಚ್ಚಿ ನೋಡಿದಳು. ಬಾಗಿಲಿನ ಚೌಕಟ್ಟು ನಡುವಿನಲ್ಲಿ ಸೊಂಟ ಮುರಿದವರಂತೆ ಒಳಕ್ಕೆ ಬಗ್ಗಿತ್ತು.

ಚಳಿಗಾಲದಿಂದಲೂ ಬಲಗಣ್ಣಿಗೆ ನೆಟ್ಟಗಿನದೆಲ್ಲ ಹೀಗೇ ಬಗ್ಗಿ ಕಾಣುತ್ತಿತ್ತು. ದಣಿವು ಅಂದುಕೊಂಡಿದ್ದಳು, ಕನ್ನಡಕದ ನಂಬರು ಅಂದುಕೊಂಡಿದ್ದಳು. ಹೋದ ವಾರ ನಿಲ್ದಾಣದಲ್ಲಿ ಕೈಯೆತ್ತಿ ನಿಂತಿದ್ದ ಮುದುಕ ಅವಳಿಗೆ ಕಾಣಿಸಿರಲೇ ಇಲ್ಲ. ಹಿಂದಿನ ಸೀಟಿನವರು ಕೂಗಿಕೊಂಡ ಮೇಲೆ ಬ್ರೇಕ್ ಒತ್ತಿದ್ದಳು. "ಕಣ್ಣು ಎಲ್ಲಿಟ್ಟಿದ್ದೀಯಮ್ಮಾ?" ಎಂದು ಯಾರೋ ನಕ್ಕಿದ್ದರು. ಅವಳೂ ನಕ್ಕಿದ್ದಳು. ಆ ಮುದುಕ ರಸ್ತೆಗೆ ಇಳಿದಿದ್ದರೆ ಎಂಬ ಯೋಚನೆ ಈಗ ಬಂತು.

*

ಸ್ಮಶಾನದಲ್ಲಿ ಹತ್ತಿಪ್ಪತ್ತು ಜನ ಸೇರಿದ್ದರು. ಶವಪೆಟ್ಟಿಗೆಯ ಪಕ್ಕದಲ್ಲಿ ನಿಂತು ಅಕ್ಕ ನೀಲಿ ಪುಸ್ತಕ ತೆರೆದಳು. ಬಿಸಿಲಿಗೆ ಬಿಳಿ ಪುಟ ಹೊಳೆಯಿತು. ಪ್ರತಿ ಸಾಲಿನ ನಡುವೆಯೂ ಅಕ್ಷರಗಳು ಕರಗಿ ಒಂದು ಕುಳಿಯಾಗಿದ್ದವು. ಪುಟ ಓರೆ ಮಾಡಿದಳು. ಕುಳಿಯೂ ಜತೆಗೇ ಬಂತು. ಎಡಗಣ್ಣನ್ನೇ ನಂಬಿಕೊಂಡಿದ್ದಳು. ಇವತ್ತು ಅದರಲ್ಲೂ ಅಕ್ಷರಗಳು ಅಲುಗಿದವು. ಯಾರೋ ಕೆಮ್ಮಿದರು.

"ಒಬ್ಬಳು ವಿಧವೆ," ಎಂದಳು. ದನಿ ತನ್ನದಲ್ಲವೆನಿಸಿತು. "ದೀಪಸ್ತಂಭದಲ್ಲಿ ಒಬ್ಬಳೇ ಇದ್ದಳು. ದಿನಾ ಸಂಜೆ ಯಾರೋ ಬಾಗಿಲು ತಟ್ಟುತ್ತಿದ್ದರು. ಅವಳು ಮೇಜು, ಮಂಚ, ಪೆಟ್ಟಿಗೆ ಎಲ್ಲ ತಂದು ಬಾಗಿಲಿಗೆ ಒತ್ತಿ ಕೂತಳು. ಒಂದು ದಿನ, ಇಷ್ಟೆಲ್ಲ ಎಳೆದಾಡಿ ಸೊಂಟ ಬಿದ್ದುಹೋಯ್ತು, ಬರೋದು ಬರಲಿ ಅಂತ ಎಲ್ಲ ಸರಿಸಿ ಬಾಗಿಲು ತೆಗೆದಳು. ಹೊರಗೆ ಸಮುದ್ರ ಇತ್ತು. 'ಬಾ, ಕೂತ್ಕೋ,' ಅಂದಳು."

ಪಕ್ಕದ ಮನೆಯಾಕೆ ಬಿಕ್ಕಿದಳು. ತಮ್ಮ ಬಾಯಿ ತೆರೆದುಕೊಂಡು ಅಕ್ಕನನ್ನೇ ನೋಡಿದ. ಅಪ್ಪ ಮಾತ್ರ ಪುಸ್ತಕವನ್ನು ನೋಡುತ್ತಿದ್ದ. ಅವಳು ಒಂದು ಪುಟವನ್ನೂ ತಿರುಗಿಸಿರಲಿಲ್ಲ.

*

"ನೀನೇ ಓಡಿಸು," ಎಂದು ತಮ್ಮ ತನ್ನ ಬೇಕರಿ ವ್ಯಾನಿನ ಕೀಲಿ ಕೊಟ್ಟ. "ನನಗಿವತ್ತು ಓಡಿಸೋಕೆ ಆಗಲ್ಲ. ನೀನು ಕೂತ್ರೆ ಎಲ್ಲರಿಗೂ ಧೈರ್ಯ."

ಹಿಂದೆ ಅಪ್ಪನ ಪಕ್ಕದಲ್ಲಿ ತಮ್ಮನ ಹೆಂಡತಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಅಕ್ಕ ಗಾಡಿ ಶುರು ಮಾಡಿದಳು. ಸ್ಮಶಾನದ ಗೇಟಿನ ಕಂಬ ಬಗ್ಗಿ, ಅದರ ಪಕ್ಕ ನಿಂತಿದ್ದ ಯಾರದೋ ಮುಖ ಇಲ್ಲವಾಯಿತು. ಕೋಟು ಇತ್ತು, ಕಾಲಿತ್ತು, ಮುಖವಿರಲಿಲ್ಲ. ಅವಳು ಎಂಜಿನ್ ಆರಿಸಿದಳು.

"ನನಗೆ ಕಾಣ್ತಿಲ್ಲ."

"ಅಳೋದು ಬಿಡೇ ಅಕ್ಕ, ಕಣ್ಣೊರೆಸಿಕೋ," ಎಂದ ತಮ್ಮ.

"ಅಳು ಅಲ್ವೋ. ಅಮ್ಮನ ಕಣ್ಣಿಗೆ ಆಗಿದ್ದೇ ನನಗೂ ಆಗಿದೆ."

ಹಿಂದೆ ಮಗು ಕಿಟಕಿಯ ಗಾಜು ನೆಕ್ಕುತ್ತಿತ್ತು. ಅಪ್ಪ ಇಳಿದು ಬಂದು ಅವಳ ಕಡೆಯ ಬಾಗಿಲು ತೆರೆದ.

"ನೀನು ಓಡಿಸ್ಕೊಂಡು ಹೋಗಪ್ಪ," ಎಂದ ಮಗನಿಗೆ. "ನಿಧಾನಕ್ಕೆ ಹೋಗು. ನಾವಿಬ್ಬರು ನಡ್ಕೊಂಡು ಬರ್ತೀವಿ."

ವ್ಯಾನು ತೆವಳುತ್ತ ಮರೆಯಾಯಿತು. ಅಕ್ಕನ ಕೈಗಳು ಇನ್ನೂ ಸ್ಟಿಯರಿಂಗ್ ಹಿಡಿದಂತೆಯೇ ಮಡಚಿಕೊಂಡಿದ್ದವು.

"ನಾಳೆ ಡಿಪೋಗೆ ಫೋನ್ ಮಾಡಿ ಬರಲ್ಲ ಅಂತೀನಿ," ಎಂದಳು. "ಕಣ್ಣಿನ ಡಾಕ್ಟರ ಹತ್ತಿರ ಹೋಗ್ತೀನಿ."

"ಹೂಂ. ನಾನೂ ಬರ್ತೀನಿ."

"ಅಪ್ಪಾ, ಬಹಳ ಭಯ ಆಗ್ತಿದೆ."

"ಅವಳಿಗೂ ಆಗ್ತಿತ್ತಮ್ಮ," ಎಂದ ಅಪ್ಪ. ರಸ್ತೆಯ ಕಡೆಗೆ ತಾನು ಬಂದು ಅವಳನ್ನು ಒಳಗಿನ ಬದಿಗೆ ಮಾಡಿದ. ಅವಳ ಮೊಣಕೈಗೆ ಕೆಳಗಿನಿಂದ ಎರಡೇ ಬೆರಳು ಕೊಟ್ಟು ಹಿಡಿದ, ಎಳೆಯದೆ, ತಳ್ಳದೆ, ಎಷ್ಟೋ ಕಾಲದಿಂದ ಹಾಗೆಯೇ ನಡೆದು ರೂಢಿಯಾದವನಂತೆ. ಓಣಿಯ ತಿರುವಿಗೆ ಬಂದಾಗ ತಲೆ ತಿರುಗಿಸದೆಯೇ, ಅವಳೊಬ್ಬಳಿಗೆ ಕೇಳುವಷ್ಟು ಮೆಲ್ಲಗೆ, "ಮೆಟ್ಟಿಲು," ಎಂದ.

ಅವಳಿಗೆ ಮೆಟ್ಟಿಲು ಕಾಣುತ್ತಿತ್ತು. ಆದರೂ ಅವನು ಹೇಳುವವರೆಗೆ ಕಾದಿದ್ದು ಕಾಲೆತ್ತಿದಳು.